ಲೋಲಕ ವಾಪಸ್ ಬರದ ಮಂಗಳವಾರ

ಬೆಳಿಗ್ಗೆ ಆರೂಕಾಲು. ರಾಜಾನುಕುಂಟೆಯ ಆಚೆಗಿನ ಖಾಸಗಿ ಪದವಿ ಕಾಲೇಜಿನ ಎರಡನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ಲೈಟು ಉರಿಯುತ್ತಿದೆ. ಸಂಗವ್ವ ಖಾಲಿ ಬೆಂಚುಗಳಿಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ. ಬರೆದದ್ದನ್ನು ಅಳಿಸುತ್ತಾರೆ, ಮತ್ತೆ ಅದನ್ನೇ ಬರೆಯುತ್ತಾರೆ. ಬಾಗಿಲ ಬಳಿ ಸದ್ದಾದರೆ ಮೊದಲು ಬೋರ್ಡು ಒರೆಸಿ, ಆಮೇಲೆ ತಿರುಗಿ ನೋಡುತ್ತಾರೆ.

ಬಂದವರು ಲ್ಯಾಬ್ ಅಟೆಂಡರ್ ಮುನಿಗಂಗಪ್ಪ. ಎರಡೂ ಕೈಯಲ್ಲಿ ಟೀ ಲೋಟ.

"ಏನ್ ಮೇಡಂ, ಪಾಠ ಯೋಳೋರೇ ಇಂಗೆ ಎದ್ರುಕೊಂಡ್ರೆ ಐಕ್ಳು ಎಂಗೆ ಓದ್ತವೆ? ಕುಡೀರಿ, ಆರೋಯ್ತದೆ."

"ಅಲ್ಲಿ ಇಡ್ರಿ," ಎನ್ನುತ್ತಾರೆ ಸಂಗವ್ವ. ಡಸ್ಟರ್ ಕೈಬಿಡುವುದಿಲ್ಲ.

ಐವತ್ತಮೂರರ ಸಂಗವ್ವ ಈ ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿಯಾಗಿಯೇ ಹತ್ತೊಂಬತ್ತು ವರ್ಷ ಕಳೆದಿವೆ. ಪ್ರತಿ ಸೆಮಿಸ್ಟರ್ ಮುಗಿದಾಗ ಕೆಲಸವೂ ಮುಗಿಯುತ್ತದೆ. ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರು ವಿಜಯಪುರದ ಕಡೆ, ಎಂ.ಎಸ್ಸಿ. ಮಾಡಿದ್ದು ಧಾರವಾಡದಲ್ಲಿ. ಗಂಡ ವೀರಬಸಪ್ಪನವರ ಫ್ಯಾಕ್ಟರಿ ಕೆಲಸಕ್ಕೆಂದು ಬಂದವರು ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ನೆಲೆಸಿದ್ದಾರೆ. ಅಲ್ಲಿಂದ ಎರಡು ಬಸ್ ಬದಲಿಸಿ ಬರುತ್ತಾರೆ. ವಾರಕ್ಕೆ ಹದಿನಾಲ್ಕು ತರಗತಿ, ಮೂರು ಲ್ಯಾಬ್. ಯಂತ್ರಶಾಸ್ತ್ರದ ಲಗ್ರಾಂಜಿಯನ್ ಪಾಠ ಬಂತೆಂದರೆ ಕಾಯಂ ಉಪನ್ಯಾಸಕರು ಕೂಡ, "ಅದನ್ನ ಸಂಗವ್ವ ಮೇಡಂಗೆ ಕೊಡಿ" ಎಂದು ಜಾರಿಕೊಳ್ಳುತ್ತಾರೆ.

ಪಾಠ ಇಷ್ಟು: ಎರಡು ಲೋಲಕಗಳು, ನಡುವೆ ಒಂದು ಸ್ಪ್ರಿಂಗ್. ಒಂದನ್ನು ಎಳೆದು ಬಿಟ್ಟರೆ ಇನ್ನೊಂದೂ ಅಲ್ಲಾಡುತ್ತದೆ. ಎರಡರ ಚಲನಶಕ್ತಿಯನ್ನು ಬರೆಯಬೇಕು. ಎತ್ತರದಿಂದಲೂ ಸ್ಪ್ರಿಂಗ್ ಹಿಗ್ಗುವುದರಿಂದಲೂ ಬರುವ ಪ್ರಚ್ಛನ್ನಶಕ್ತಿಯನ್ನು ಬರೆಯಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಲಗ್ರಾಂಜಿಯನ್. ಅದರಿಂದ ಎರಡೂ ಲೋಲಕಗಳ ಚಲನೆಯ ಸಮೀಕರಣ ಹುಟ್ಟುತ್ತದೆ.

ಈ ವಿಭಾಗದಲ್ಲಿ ಹಳಬರು ಯಾರೂ ಬೋರ್ಡಿನ ಹತ್ತಿರ ಕಾಗದ ಒಯ್ಯುವುದಿಲ್ಲ. ಯಾರೂ ಮಾಡಿದ ನಿಯಮವಲ್ಲ. ನೋಡಿಕೊಂಡು ಬರೆಯುವವರನ್ನು ಹುಡುಗರು 'ಕಾಪಿ ಮೇಡಂ', 'ಕಾಪಿ ಸರ್' ಎಂದು ಕರೆಯುತ್ತಾರೆ, ಅಷ್ಟೇ. ಸಂಗವ್ವ ಖಾಲಿ ಕೈಯಲ್ಲಿ ಬಂದು ಬೋರ್ಡು ತುಂಬಿಸಿ ಹೋಗುತ್ತಿದ್ದವರು.

ಕಳೆದ ಮಂಗಳವಾರ ಅವರು ಕಳೆಯುವ ಕಡೆ ಕೂಡಿಸಿದರು.

ಚಿಹ್ನೆ ತಪ್ಪಿದ್ದು ಗೊತ್ತಾಗಲೇ ಇಲ್ಲ. ಅರ್ಧ ಬೋರ್ಡು ಮುಂದೆ ಹೋದ ಮೇಲೆ ಕೊನೆಯ ಸಮೀಕರಣ ವಿಚಿತ್ರ ಮಾತು ಹೇಳತೊಡಗಿತು. ಅದರ ಪ್ರಕಾರ, ಒಂದು ಕಡೆ ಎಳೆದು ಬಿಟ್ಟ ಲೋಲಕ ಹಿಂದಕ್ಕೆ ಬರುವುದಿಲ್ಲ. ಇನ್ನೂ ದೂರ, ಇನ್ನೂ ಜೋರಾಗಿ ಓಡಿಹೋಗುತ್ತದೆ. ಎಲ್ಲಿ ಎಡವಿದೆ ಎಂದು ಸಂಗವ್ವ ಮೇಲಿನಿಂದ ಕೆಳಗೆ ಓದಿದರು. ಸಿಗಲಿಲ್ಲ. ಮತ್ತೆ ಓದಿದರು. ಅಕ್ಷರಗಳು ಕಾಣುತ್ತಿದ್ದವು, ಅರ್ಥವಾಗುತ್ತಿರಲಿಲ್ಲ. ಬೆಲ್ ಹೊಡೆಯಿತು. ಮೂವತ್ತೆಂಟು ಜನ ತಪ್ಪನ್ನು ನೀಟಾಗಿ ಬರೆದುಕೊಂಡು ಎದ್ದು ಹೋದರು.

"ತಪ್ಪು ಎಲ್ಲಾರೂ ಮಾಡ್ತಾರ್ರೀ. ನಾನೂ ಮಾಡೀನಿ," ಎಂದು ಪತ್ರಿಕೆಯಿಂದ ಬಂದ ನನಗೆ ಹೇಳುತ್ತಾರೆ ಸಂಗವ್ವ. "ಆದ್ರ ಕಣ್ಣ ಮುಂದಿದ್ದದ್ದು ಸಿಗಲಿಲ್ಲ ನೋಡ್ರಿ, ಅದಕ್ಕ ಅಂಜಿಕಿ. ನಮ್ಮವ್ವಗೂ ಹಿಂಗ ಸುರು ಆಗಿತ್ತು. ಮದ್ಲ ಉಪ್ಪು ಎರಡು ಸಲ ಹಾಕ್ತಿದ್ಲು. ಆಮ್ಯಾಲ ನನ್ನ ಹೆಸರು ಮರತ್ಲು."

ಅಂದಿನಿಂದ ಅವರು ಬಸ್ಸಿನಲ್ಲಿ ನಿಲ್ದಾಣಗಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಗಂಡನಿಗೆ ಫೋನ್ ಮಾಡುತ್ತಾರೆ. ಆಸ್ಪತ್ರೆಗೆ ಹೋಗಿಲ್ಲ. ಹೋದರೆ ಕಾಯಿಲೆಗೆ ಹೆಸರಿಟ್ಟುಬಿಡುತ್ತಾರೆ ಎಂಬ ಭಯ.

ಇವತ್ತಿನ ಭಯ ಬೇರೆಯದು. ಮುಂದಿನ ಸೆಮಿಸ್ಟರಿಗೆ ಯಾರನ್ನು ಉಳಿಸಿಕೊಳ್ಳಬೇಕೆಂದು ನೋಡಲು ಅತಿಥಿ ಉಪನ್ಯಾಸಕರ ಪಾಠವನ್ನು ವಿಡಿಯೊ ಮಾಡುತ್ತಿದ್ದಾರೆ. ಒಂಬತ್ತೂವರೆಗೆ ವಿಭಾಗದ ಮುಖ್ಯಸ್ಥ ಅನಂತರಾಜು ಹಿಂದಿನ ಬೆಂಚಿನಲ್ಲಿ ಮೊಬೈಲ್ ಸ್ಟ್ಯಾಂಡ್ ನಿಲ್ಲಿಸಿ, "ಶುರು ಮಾಡಿ ಮೇಡಂ, ನಾನಿಲ್ಲ ಅಂದ್ಕೊಳ್ಳಿ" ಎನ್ನುತ್ತಾರೆ.

ಸಂಗವ್ವ ಚಲನಶಕ್ತಿ ಬರೆಯುತ್ತಾರೆ. ಪ್ರಚ್ಛನ್ನಶಕ್ತಿ ಬರೆಯುತ್ತಾರೆ. ಸ್ಪ್ರಿಂಗಿನ ಪಾಲು ಸರಿಯಾಗಿಯೇ ಬೀಳುತ್ತದೆ. ಮುಂದಿನ ಸಾಲಿನಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಾಗ ಕೈ ನಿಲ್ಲುತ್ತದೆ. ನಡುವಿನ ಜಾಗ ಖಾಲಿ. ಬೆಳಿಗ್ಗೆ ಇಪ್ಪತ್ತು ಸಲ ತುಂಬಿದ್ದ ಜಾಗ ಅದು. ಈಗ ಯಾವ ಚಿಹ್ನೆಯೂ ಬರುತ್ತಿಲ್ಲ. ಕ್ಯಾಮೆರಾ ಓಡುತ್ತಲೇ ಇದೆ.

ಅವರು ತಿರುಗುತ್ತಾರೆ.

"ಇಲ್ಲಿ ಪ್ಲಸ್ಸೋ ಮೈನಸ್ಸೋ? ಹ್ವಾದ ವಾರ ನಾ ಪ್ಲಸ್ ಬರದಿದ್ದೆ. ನೀವು ಯಾರೂ ಕೇಳ್ಲಿಲ್ಲ."

ಮಧ್ಯದ ಬೆಂಚಿನಿಂದ ಸತೀಶ್ ಮೆಲ್ಲಗೆ, "ನೀವೇ ಬರೆದ್ರಲ್ಲ ಮ್ಯಾಮ್, ಕರೆಕ್ಟೇ ಇರುತ್ತೆ ಅಂತ..." ಎನ್ನುತ್ತಾನೆ. ಪಕ್ಕದವನು, "ನೀನು ನಿದ್ದೆ ಮಾಡ್ತಿದ್ದೆ ಕಣೋ," ಎಂದು ಗೊಣಗುತ್ತಾನೆ.

"ಎರಡೂ ಮಾಡಿ ನೋಡೂಣು."

ಬೋರ್ಡಿನ ನಡುವೆ ಉದ್ದ ಗೆರೆ ಎಳೆದು, ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಕಳೆದು, ಸಾಲಿನ ಎದುರು ಸಾಲು ಬರೆಯುತ್ತ ಹೋಗುತ್ತಾರೆ. ಒಂದರ ಪ್ರಕಾರ ಲೋಲಕ ಓಡಿಹೋಗಬೇಕು, ಇನ್ನೊಂದರ ಪ್ರಕಾರ ವಾಪಸ್ ಬರಬೇಕು. ಲ್ಯಾಬಿನಿಂದ ತಂದಿದ್ದ ಜೋಡಿ ಲೋಲಕ ಮೇಜಿನ ಮೇಲಿದೆ. ಮುಂದಿನ ಬೆಂಚಿನ ಮೋನಿಕಾಳನ್ನು ಕರೆಯುತ್ತಾರೆ.

"ಒಂದನ್ನ ಎಳದು ಬಿಡವಾ. ಓಡಿಹೋತೇನು?"

"ಇಲ್ಲ ಮ್ಯಾಮ್. ವಾಪಸ್ ಬಂತು."

ಸಂಗವ್ವ ಕೂಡಿಸಿದ ಅರ್ಧ ಬೋರ್ಡಿಗೆ ಅಡ್ಡ ಗೀಟು ಹಾಕುತ್ತಾರೆ. ಆಗ ಮಾತ್ರ ಅವರ ಭುಜ ಸ್ವಲ್ಪ ಇಳಿಯುತ್ತದೆ.

"ಸೂಪರ್ ಮೆಥಡ್ ಮೇಡಂ," ಎನ್ನುತ್ತಾರೆ ಅನಂತರಾಜು, ಸ್ಟ್ಯಾಂಡ್ ಮಡಿಸುತ್ತ. "ಹೋದ ವಾರ ಬೇಕಂತಲೇ ತಪ್ಪು ಬರೆದು, ಇವತ್ತು ಹಿಡಿದ್ರಿ. ಒಳ್ಳೇ ಪ್ಲಾನಿಂಗ್."

ತಲೆಯಾಡಿಸಿದರೆ ಸಾಕು, ಮುಂದಿನ ಸೆಮಿಸ್ಟರ್ ಬಹುತೇಕ ಖಚಿತ. ಸಂಗವ್ವ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಪ್ಲಾನಿಂಗ್ ಅಲ್ರೀ ಸರ್. ಮರತಿದ್ದೆ. ಆವತ್ತೂ, ಇವತ್ತೂ."

ಅನಂತರಾಜು ನಗಲು ಹೋಗಿ ನಿಲ್ಲಿಸುತ್ತಾರೆ. "ಆಗುತ್ತೆ ಬಿಡಿ ಮೇಡಂ," ಎಂದು ಗಡಿಯಾರ ನೋಡಿಕೊಂಡು ಹೊರಟುಬಿಡುತ್ತಾರೆ. ಅವರು ಅದನ್ನು ಹೇಗೆ ತೆಗೆದುಕೊಂಡರೋ ಗೊತ್ತಿಲ್ಲ. ಉಳಿಸಿಕೊಳ್ಳುವವರ ಪಟ್ಟಿ ಇನ್ನೂ ಬಂದಿಲ್ಲ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಸಂಗವ್ವ ಕ್ಯಾಂಟೀನಿನ ಚಿತ್ರಾನ್ನವನ್ನು ಚಮಚದಲ್ಲಿ ಅತ್ತಿತ್ತ ದೂಡುತ್ತಾರೆ. "ಬರೀರಿ. ಮುಚ್ಚಿಟ್ರ ದಿನಾ ಕಾಯಬೇಕಾಗ್ತೈತಿ, ಯಾರಿಗೆ ಯಾವಾಗ ಗೊತ್ತಾಗ್ತೈತೋ ಅಂತ. ಶನಿವಾರ ದವಾಖಾನಿಗೆ ಹೋಗಾಕತ್ತೀನಿ, ಅದನ್ನೂ ಬರೀರಿ. ಬರದ್ರ ತಪ್ಪಿಸ್ಕೊಳ್ಳಾಕ ಆಗೂದಿಲ್ಲ."

ಮರುದಿನದ ತರಗತಿಯಲ್ಲಿ ಅವರು ಸಮೀಕರಣದ ಮಧ್ಯದಲ್ಲಿರುವಾಗ ಸತೀಶ್ ಕೈ ಎತ್ತುತ್ತಾನೆ. "ಮ್ಯಾಮ್, ಮೇಲೆ ಅರ್ಧ ಇತ್ತು. ಕೆಳಗೆ ಇಲ್ಲ. ಬಿಟ್ಟೋಯ್ತಾ?"

ಸಂಗವ್ವ ಸಾಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಬರುತ್ತಾರೆ. ಡಿಫರೆನ್ಷಿಯೇಟ್ ಮಾಡುವಾಗ ವರ್ಗದಿಂದ ಕೆಳಗಿಳಿದ ಎರಡು, ಅರ್ಧವನ್ನು ಹೊಡೆದುಹಾಕಿದೆ. ಬಿಟ್ಟುಹೋಗಿಲ್ಲ. ಇನ್ನೊಮ್ಮೆ ಬೆರಳಿಟ್ಟು ನೋಡಿ, ಅದನ್ನು ಅವನಿಗೆ ಬಿಡಿಸಿ ಹೇಳುತ್ತಾರೆ.

"ಸಾರಿ ಮ್ಯಾಮ್," ಎಂದು ಸತೀಶ್ ಕೂರಲು ಹೋಗುತ್ತಾನೆ.

"ಸಾರಿ ಯಾಕ? ಇನ್ನ ಮ್ಯಾಲ ಹಿಂಗ ಕೇಳ್ತಿರು," ಎನ್ನುತ್ತಾರೆ ಸಂಗವ್ವ. "ನಾ ಸರಿ ಇದ್ದಾಗೂ ಕೇಳು."