ಸಾವಿತ್ರವ್ವನ ಮೈಮೇಲೆ ಬಂದವಳು

ಮಸೂತಿ ಎಂಬ ಹಳ್ಳಿಯ ಸಾವಿತ್ರವ್ವನಿಗೆ ಬಾಯೇ ಇಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಸುಡಲಿ ಆ ಹೊಗಳಿಕೆ! ಮದುವೆಯಾಗಿ ಬಂದಂದಿನಿಂದ ಹೊಲದ ಕಳೆ ತೆಗೆದು, ರೊಟ್ಟಿ ಬಡಿದು ಹಾಕಿ, ಗಂಡ ರಾವಸಾಬನ ಏಟನ್ನೂ ತಿಂದವಳು ಆಕೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ಒಳಗೇ ನುಂಗುತ್ತಿದ್ದಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಅವನು ಬಡಿಗೆಯಿಂದ ಹೊಡೆದು ಆಕೆಯ ಎಡಗೈ ಮುರಿದ. ಬಾಗೇವಾಡಿಯ ದವಾಖಾನೆಯಲ್ಲಿ ಅತ್ತೆ ಹುಚ್ಚವ್ವ, "ಅಟ್ಟದ ಮ್ಯಾಲಿಂದ ಬಿದ್ದಾಳ್ರಿ ಬಾಯಾರ" ಎಂದು ಡಾಕ್ಟರಮ್ಮನಿಗೆ ನಾಚಿಕೆಯಿಲ್ಲದೆ ಹೇಳಿದಳು. ನಿಜ ಹೇಳಿ ಮತ್ತೆ ಅದೇ ಮನೆಗೆ ಹೋಗುವುದು ಹೇಗೆ? ಸಾವಿತ್ರವ್ವ ಹೌದೆಂದು ತಲೆಯಾಡಿಸಿದಳು.

"ಎಲುಬು ಎಳದು ಕೂಡಸಬೇಕು. ನರಕ್ಕ ಕೆಟಾಮಿನ್ ಅನ್ನೂ ಅಮಲಿನ ಸೂಜಿ ಕೊಡ್ತೇನಿ" ಎಂದರು ಡಾಕ್ಟರಮ್ಮ. "ತ್ರಾಸ ಗೊತ್ತಾಗೂದಿಲ್ಲ, ಉಸಿರು ತನ್ನಷ್ಟಕ್ಕ ನಡೀತೈತಿ. ಎಚ್ಚರಾಗೂಮುಂದ ಏನರೆ ಬಡಬಡಿಸ್ಯಾಳು, ಅಂಜಬ್ಯಾಡ್ರಿ."

ಕೈ ಕೂಡಿಸಿ ಪ್ಲಾಸ್ಟರ್ ಹಾಕಿದ ಮೇಲೆ ಅಮಲು ಇಳಿಯತೊಡಗಿತು. ಸಾವಿತ್ರವ್ವ ಕಣ್ಣು ಹೊರಳಿಸಿ, ವಾರ್ಡೇ ಬೆಚ್ಚುವಂತೆ ಕಿರುಚಿದಳು: "ರಾವ್ಯಾ! ಹೆಣ್ಣಿನ ಮ್ಯಾಲೆ ಬಡಿಗಿ ಎತ್ತತಿ? ನಿನ್ನ ಕೈಗೆ ಹುಳ ಬೀಳ್ಲಿ! ಮುದುಕಿ, ನೀ ನೋಡಕೋತ ಕುಂತಿದ್ದೆಲ್ಲ!"

ಡಾಕ್ಟರಮ್ಮ ಹೇಳಿದ್ದು ಹುಚ್ಚವ್ವನ ತಲೆಯಿಂದ ಹಾರಿಹೋಯಿತು. ಬಾಯಿಲ್ಲದ ಸೊಸೆ ಹೀಗೆ ಬೈಯುತ್ತಾಳೆಂದರೆ ಮೈಮೇಲೆ ದೇವಿಯೇ ಬಂದಿರಬೇಕು! ತಲೆಗೆ ಸೆರಗು ಹೊದ್ದು, ಮಂಚದ ಕಾಲಿಗೆ ಹಣೆ ಹಚ್ಚಿದಳು. "ತಪ್ಪಾತವ್ವಾ ತಾಯಿ! ಉಡಿ ತುಂಬತೇನಿ, ಶಾಂತ ಆಗು!"

ಬಾಗಿಲಲ್ಲಿ ತಂಬಾಕು ತಿಕ್ಕುತ್ತ ನಿಂತಿದ್ದ ರಾವಸಾಬನೂ ದಡಕ್ಕನೆ ನೆಲಕ್ಕೆ ಅಡ್ಡಬಿದ್ದ. "ಇನ್ನ ಹೊಡ್ಯಾಂಗಿಲ್ಲ ತಾಯಿ, ನನ್ನ ಉಳಸು!"

ಆಕೆಗೆ ಪೂರ್ತಿ ಎಚ್ಚರವಾದಾಗ ಅವನಿನ್ನೂ ನೆಲದ ಮೇಲೆಯೇ ಇದ್ದ. "ದೇವಿ ನಿನ್ನ ಬಾಯೀಲೆ ಬೈದ್ಲವಾ" ಎಂದು ಅತ್ತೆ ಕೈಮುಗಿದು ಎಲ್ಲ ಹೇಳಿದಳು. ಏನೂ ನೆನಪಿರಲಿಲ್ಲ; ಆದರೆ ಆ ಮಾತುಗಳ ಗುರುತು ಸಾವಿತ್ರವ್ವನಿಗೆ ಸಿಕ್ಕಿತು. ದಿನಾ ಹೊಟ್ಟೆಯೊಳಗೆ ನುಂಗಿದವೇ ಅವು. 'ಹೌದು, ದೇವಿಯೇ' ಎಂದುಬಿಟ್ಟಿದ್ದರೆ ಇಬ್ಬರೂ ಸಾಯುವತನಕ ಅಂಜಿ ಇರುತ್ತಿದ್ದರು. ಆದರೆ ಆಕೆಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ತಾನು ಅತ್ತರೆ ತಿರುಗಿ ನೋಡದವರು, ಈಗ ಯಾರಿಗೋ ಕೈಮುಗಿಯುತ್ತಿದ್ದಾರೆ!

"ಯಾವ ದೇವೀನೂ ಬಂದಿಲ್ಲ. ಬೈದಾಕಿ ನಾನ."

ರಾವಸಾಬ ಧಡಪಡಿಸಿ ಎದ್ದು ಕಣ್ಣು ಕೆಂಪು ಮಾಡಿದ. ಸಾವಿತ್ರವ್ವ ಅವನತ್ತ ನೋಡಲೇ ಇಲ್ಲ. ಸದ್ದು ಕೇಳಿ ಬಂದು ನಿಂತಿದ್ದ ಡಾಕ್ಟರಮ್ಮನ ಕಡೆ ಹೊರಳಿದಳು.

"ಬಾಯಾರ, ನಮ್ಮ ಮನಿಗಿ ಅಟ್ಟನ ಇಲ್ರಿ. ಇಂವಾ ಬಡಿಗೀಲೆ ಹೊಡದಾನ. ಬರಕೋರಿ."