ಹಂಡೆ ಇಲ್ಲದ ಬೆಂಕಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ರಜೆಗೆ ಬಂದವನು ಸುಂಟಿಕೊಪ್ಪಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ಅಜ್ಜಿಗೆ ನನ್ನ ನೈಜೀರಿಯಾದ ಕೆಲಸವನ್ನು ಜಂಬದಿಂದ ಬಣ್ಣಿಸಿದೆ.

"ಎಣ್ಣೆ ಬಾವಿಯಲ್ಲಿ ಗ್ಯಾಸೂ ಬರ್ತದೆ ಅಜ್ಜಿ. ಅದನ್ನ ಅಲ್ಲೇ ಸುಟ್ಟುಬಿಡ್ತೇವೆ. ನಿಮ್ಮ ಕಾಫಿ ತೋಟದ ಸಿಲ್ವರ್ ಮರದಷ್ಟು ಎತ್ತರದ ಬೆಂಕಿ, ಹಗಲೂ ರಾತ್ರಿ!"

"ಅದರ ಮೇಲೆ ಏನಿಟ್ಟಿದ್ದೀರಪ್ಪ?"

"ಏನೂ ಇಲ್ಲ."

"ಸ್ನಾನಕ್ಕೆ ಒಂದು ಹಂಡೆ ನೀರೂ ಇಲ್ವಾ?" ಅಜ್ಜಿ ಒಳಗಿದ್ದವರಿಗೆ ಕೂಗಿದರು: "ಕೇಳಿದ್ರಾ? ಸುಮ್ನೆ ಬೆಂಕಿ ಉರಿಸೋರಿಗೆ ಹುಡುಗಿ ಕೊಡ್ತೀರಾ?"

ಹೇಗೋ ಮದುವೆಯಾಯಿತು. ಅಜ್ಜಿ ಕೊಟ್ಟ ತಾಮ್ರದ ಹಂಡೆಯೂ ನಮ್ಮ ಜೊತೆ ಹಡಗು ಹತ್ತಿತು. ಅಲ್ಲಿ ಕಿಟಕಿಯಾಚೆ ಬೆಂಕಿ ಉರಿಯುತ್ತಲೇ ಇತ್ತು; ಹಂಡೆ ಸೀಮೆಎಣ್ಣೆ ಸ್ಟೌ ಮೇಲೆ ಕೂತಿತು. ಆ ಸೀಮೆಎಣ್ಣೆಯೂ ಹೊರದೇಶದಿಂದ ಹಡಗಿನಲ್ಲೇ ಬರುತ್ತಿತ್ತು.

ಅಜ್ಜಿಗೆ ಕಾಗದ ಬರೆಯುವಾಗ ಹೆಂಡತಿ ನನ್ನ ಮರ್ಯಾದೆ ಉಳಿಸಿದಳು. ಸ್ನಾನದ ನೀರು ಚೆನ್ನಾಗಿ ಕಾಯುತ್ತದೆ ಎಂದಷ್ಟೇ ಬರೆದಳು.