ಐರ್ಲೆಂಡಿನ ಕವಿಗೆ ಇಟ್ಟ ಎಲೆ

ಸತ್ತವರಿಗೆ ಬಡಿಸುವ ದಿನ ನಮ್ಮ ಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ಭೂತಪ್ರೇತಗಳ ಹುಚ್ಚಿನವಳು ಎಂದುಕೊಳ್ಳಬಹುದು. ಮಂಗಳೂರಿನಲ್ಲಿ ಬಿ.ಎ. ಓದಿ ಮೂಡಬಿದಿರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೆ ಅಂಥದ್ದರಲ್ಲೆಲ್ಲ ಚೂರೂ ನಂಬಿಕೆ ಇರಲಿಲ್ಲ. ಈಗಲೂ ಬಹಳ ಇಲ್ಲ. ಆದರೆ ಅರವತ್ತರ ದಶಕದ ನಡುವೆ, ಒಂದು ಆಟಿ ತಿಂಗಳ ಸಂಜೆ ನಡೆದದ್ದನ್ನು ಏನೆಂದು ತಿಳಿಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಟಿ ಅಂದರೆ ನಮ್ಮ ಕಡೆ ಮಳೆಗಾಲದ ನಟ್ಟನಡುವಿನ ತಿಂಗಳು. ನಾಟಿ ಮುಗಿದಿರುತ್ತದೆ, ಶುಭಕಾರ್ಯ ಯಾವುದೂ ಇಲ್ಲ. ಆಗ ಮನೆಯ ಸತ್ತ ಹಿರಿಯರಿಗೆ ಎಲೆ ಇಡುತ್ತಾರೆ. ಒಂದು ಕೋಣೆಯಲ್ಲಿ ದೀಪ ಹಚ್ಚಿ, ಮಣೆ ಹಾಕಿ, ಬಾಳೆ ಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಬಾಗಿಲು ಮುಚ್ಚುವುದು. ಒಬ್ಬರು ಊಟ ಮಾಡುವಷ್ಟು ಹೊತ್ತು ಮನೆಮಂದಿಯೆಲ್ಲ ಹೊರಗೆ ಸುಮ್ಮನೆ ಕೂತಿರುವುದು. ಆಮೇಲೆ ಮನೆಯ ಯಜಮಾನ ಗಂಟಲು ಸರಿಮಾಡಿಕೊಂಡು ಬಾಗಿಲು ತಟ್ಟಿ ತೆರೆಯುವುದು. ಊಟಕ್ಕೆ ಕೂತವರನ್ನು ಗಾಬರಿಪಡಿಸಬಾರದಲ್ಲ!

ನಮ್ಮ ಮನೆಯಲ್ಲಿ ಹಾಗೆ ಇಡುವ ಎಲೆಗಳಲ್ಲಿ ಒಂದು, ಘಟ್ಟದ ಮೇಲಿನಿಂದ ಬಂದಿದ್ದ ಯಾರೋ ಎತ್ತಿನ ವ್ಯಾಪಾರಿಯದ್ದು. ಅಜ್ಜಿಯ ಅಜ್ಜಿಯ ಕಾಲದಲ್ಲಿ ಅವನು ಜ್ವರ ಬಂದು ನಮ್ಮ ಚಾವಡಿಯಲ್ಲೇ ತೀರಿಹೋದನಂತೆ. ಪಾಪ ಎಂದು ಆ ವರ್ಷ ಅವನಿಗೂ ಒಂದು ಎಲೆ ಇಟ್ಟರು. ಒಮ್ಮೆ ಇಟ್ಟಮೇಲೆ ಬಿಡುವಂತಿಲ್ಲ. ಅವನ ಹೆಸರೂ ಗೊತ್ತಿಲ್ಲ, ಆದರೂ ವರ್ಷ ವರ್ಷ ಅವನಿಗೆ ನಮ್ಮಲ್ಲಿ ಊಟ ಉಂಟು. ನನಗೆ ನಗು ಬರುತ್ತಿದ್ದದ್ದು ಮುಖ್ಯವಾಗಿ ಇದಕ್ಕೇ.

ಆ ವರ್ಷ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಮ್ಮದು ಅಳಿಯಸಂತಾನದ ಮನೆ. ಅಪ್ಪ ಇದ್ದರೂ ಕೊನೆಯ ಮಾತು ಸೋದರಮಾವನದ್ದೇ. ನನ್ನ ಮಾವ ಕೆಟ್ಟವರಲ್ಲ ಮಾರಾಯ್ರೆ, ಆದರೆ ಅವರು ಒಮ್ಮೆ ಹೇಳಿದರೆ ಮುಗಿಯಿತು. ಬೆಳ್ತಂಗಡಿ ಕಡೆಯ ಒಂದು ಗುತ್ತಿನ ಮನೆಯಿಂದ, ಅಂದರೆ ಊರಿಗೇ ದೊಡ್ಡ ಜಮೀನುದಾರರ ಮನೆತನದಿಂದ, ನನಗೆ ಸಂಬಂಧ ಬಂದಿತ್ತು. ಅವರದ್ದು ಒಂದೇ ಮಾತು: ನಮ್ಮ ಮನೆಯ ಸೊಸೆ ಹೊರಗೆ ದುಡಿಯಲು ಹೋಗುವ ಕ್ರಮ ಇಲ್ಲ. ಆಟಿ ಮುಗಿದ ಕೂಡಲೇ ಮಾತು ಮುಗಿಸುವ ಎಂದು ಮಾವ ಒಪ್ಪಿಕೊಂಡು ಬಂದರು. ಅದಕ್ಕೆ ಮೊದಲು ನಾನು ಶಾಲೆಗೆ ರಾಜೀನಾಮೆ ಕೊಡಬೇಕು. ನಾನು ಅತ್ತೆ, ಊಟ ಬಿಟ್ಟೆ. ಅದರಿಂದ ನಾನು ಬಡಕಲಾದೆನೇ ಹೊರತು ಮಾವ ಅಲುಗಲಿಲ್ಲ. ಅಮ್ಮ ತನ್ನ ಅಣ್ಣನ ಎದುರು ಬಾಯಿ ತೆರೆಯುವವಳಲ್ಲ. ಅಜ್ಜಿಯಂತೂ, ನನ್ನನ್ನು ಎತ್ತಿ ಆಡಿಸಿದ ಅಜ್ಜಿ, ಆ ವಿಷಯದಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ನೋವಾಗಿತ್ತು.

ಹೋಗುವ ಮೊದಲು ಮಕ್ಕಳಿಗಾಗಿ ಏನಾದರೂ ಒಂದು ಮಾಡಬೇಕು ಅನ್ನಿಸಿತು. ನಾನು ತುಂಬ ಇಷ್ಟಪಡುತ್ತಿದ್ದ ಐರ್ಲೆಂಡಿನ ಕವಿಯೊಬ್ಬರು ಹುಟ್ಟಿ ಆಗಲೇ ನೂರು ವರ್ಷ ತುಂಬಿತ್ತು. ಅವರ ಬದುಕು, ಬರಹದ ಬಗ್ಗೆ ಒಂದು ಪ್ರದರ್ಶನ ಮಾಡುತ್ತೇನೆ ಎಂದೆ. ನಮ್ಮ ಹೆಡ್ಮಾಸ್ಟ್ರು ಜೈನರು, ಬಹಳ ಸಾತ್ವಿಕರು. ಶಾಲೆಯಲ್ಲಿ ಸಭೆ ನಡೆಯುವ ಹಳೆಯ ಹಾಲನ್ನು ಬಿಟ್ಟುಕೊಟ್ಟರು. ಊರವರೂ ಬರಲಿ ಎಂದರು.

ನಮ್ಮಲ್ಲಿ ಯಾರೂ ಐರ್ಲೆಂಡ್ ಕಂಡವರಲ್ಲ. ಡ್ರಾಯಿಂಗ್ ಮಾಸ್ಟ್ರು ಪುಸ್ತಕದಲ್ಲಿದ್ದ ಬೆರಳುದ್ದದ ಫೋಟೋ ನೋಡಿ ಕವಿಯ ದೊಡ್ಡ ಚಿತ್ರ ಬರೆದರು. ಮೂಗು ಸ್ವಲ್ಪ ಮಾಸ್ಟ್ರದ್ದೇ ಆಯಿತು. ಹುಡುಗಿಯರು ಮಣ್ಣಿನಲ್ಲಿ ಆ ದೇಶದ ಹಳ್ಳಿಮನೆ ಮಾಡಿ, ಮುಳಿಹುಲ್ಲು ಹೊದೆಸಿ, ನಾನು ಅತ್ತ ತಿರುಗಿದ ಹೊತ್ತಿಗೆ ಎದುರಿಗೆ ಒಂದು ತುಳಸಿಕಟ್ಟೆಯನ್ನೂ ಇಟ್ಟುಬಿಟ್ಟರು. ಚಿತ್ರಕ್ಕೆ ಹೂವಿನ ಹಾರ, ಎದುರು ಕಾಲುದೀಪ. ಕವಿತೆಗಳನ್ನು ನಾನು ಕನ್ನಡ ಮಾಡಿ ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆ ತುಂಬ ತೂಗುಹಾಕಿದೆ.

ಜನ ಬಂದರು ನೋಡಿ! ಗದ್ದೆಯಲ್ಲಿ ಕೆಲಸ ಇಲ್ಲ, ಮನೆಯಲ್ಲಿ ಕೂತು ಕೂತು ಬೇಜಾರು. ಆದರೆ ಬಂದವರು ತಿಳಿದದ್ದೇ ಬೇರೆ. ಆಟಿ ತಿಂಗಳು, ಹಾರ ಹಾಕಿದ ಸತ್ತವರ ಚಿತ್ರ, ಎದುರು ದೀಪ. ಚಪ್ಪಲಿ ಹೊರಗೆ ಬಿಟ್ಟು, ಕೊಡೆ ಮಡಚಿ, ತಲೆ ತಗ್ಗಿಸಿ ಒಳಗೆ ಬಂದರು. ಒಬ್ಬರು ಚಿತ್ರದ ಎದುರು ವೀಳ್ಯದೆಲೆ ಅಡಿಕೆ ಇಟ್ಟು ಕೈಮುಗಿದರು. ಇನ್ನೊಬ್ಬ ಮುದುಕರು, ತೀರಿಹೋದವರು ಒಳ್ಳೆಯ ಮಾಸ್ಟ್ರಾಗಿದ್ದಿರಬೇಕು, ಯಾವ ಗುತ್ತಿನವರು ಎಂದು ನನ್ನನ್ನೇ ಕೇಳಿದರು. ಹೆಂಡತಿ ಮಕ್ಕಳ ಗತಿ ಏನು ಎಂದು ಹೆಂಗಸರು ವಿಚಾರಿಸಿದರು. ನನಗೆ ಮೊದಲ ದಿನ ಸಿಟ್ಟು ಬಂತು. ಮರುದಿನ ಅದೇ ಜನ ಗೋಡೆಯ ಕವಿತೆಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವುದನ್ನು ಕಂಡಾಗ ಸಿಟ್ಟು ಎಲ್ಲಿ ಹೋಯಿತೋ. ಇದನ್ನೆಲ್ಲ ಬಿಟ್ಟು ಹೋಗಬೇಕಲ್ಲ ಎಂದು ಹಾಲಿನ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಅಜ್ಜಿ ಬಂದದ್ದು ಆ ಮಧ್ಯಾಹ್ನ. ಅವಳಿಗೆ ತುಳು ಬಿಟ್ಟರೆ ಬೇರೆ ಭಾಷೆ ಬಾರದು, ಓದಲೂ ಬಾರದು. ಚಿತ್ರದ ಎದುರು ಬಹಳ ಹೊತ್ತು ನಿಂತಳು. ಇವರಿಗೆ ಆಟಿಯಲ್ಲಿ ಬಡಿಸುವವರು ಯಾರು ಎಂದು ಕೇಳಿದಳು. ಅವರ ದೇಶದಲ್ಲಿ ಹಾಗೆ ಬಡಿಸುವ ಕ್ರಮ ಇಲ್ಲ ಎಂದೆ. ಯಾರೂ ಇಲ್ಲವಾ ಎಂದು ಮತ್ತೊಮ್ಮೆ ಕೇಳಿ ಕೊಡೆ ಎತ್ತಿಕೊಂಡು ಹೊರಟಳು.

ಮನೆಗೆ ಬಂದವಳೇ ಮಾವನನ್ನು ಕರೆದು ಕೂರಿಸಿದಳು. ಆಟಿಯಲ್ಲಿ ದೀಪ ಹಚ್ಚಿ, ಹೆಸರು ಹಿಡಿದು ಒಬ್ಬರನ್ನು ಅಷ್ಟು ದೂರದಿಂದ ಕರೆಸಿಕೊಂಡಿದ್ದಾಳೆ ಈ ಹುಡುಗಿ, ಒಂದು ತುತ್ತು ಅನ್ನ ಇಡದೆ ಕಳಿಸುವುದಾ, ನಮ್ಮ ಮನೆಗೆ ಒಳ್ಳೆಯದಾಗುತ್ತದಾ ಎಂದು ಶುರುಮಾಡಿದಳು. ಮಾವ ಮೊದಲು ನಕ್ಕರು, ಆಮೇಲೆ ಗದರಿದರು. ಆದರೆ ಇಂಥ ವಿಷಯದಲ್ಲಿ ತಾಯಿಯ ಮಾತು ಮೀರುವ ಧೈರ್ಯ ಅವರಿಗಿರಲಿಲ್ಲ. ಪ್ರದರ್ಶನದ ಕೊನೆಯ ಸಂಜೆ ತಾನೇ ಬಂದು ಎಲೆ ಇಡುತ್ತೇನೆ ಎಂದು ಒಪ್ಪಿದರು. ನನಗೆ ನಾಚಿಕೆಯಾಗಿ ಸಾಯುವ ಹಾಗಾಯಿತು. ಇಷ್ಟೆಲ್ಲ ಓದಿ, ಕೊನೆಗೆ ನನ್ನ ಕವಿಗೆ ಸತ್ತವರ ಎಲೆ, ಅಗೇಲು, ಬಡಿಸುವುದಾ!

ಹೆಡ್ಮಾಸ್ಟ್ರಿಗೆ ಹೇಳಿದಾಗ ಅವರು ಬೇಡ ಎನ್ನಲಿಲ್ಲ. ಕೋಳಿ ಮೀನು ಮಾತ್ರ ನನ್ನ ಶಾಲೆಯೊಳಗೆ ಬರಬಾರದು ಎಂದರು. ಹಾಗಾದರೆ ನಿನ್ನ ಕವಿ ಏನು ತಿನ್ನುತ್ತಾರೆ ಎಂದು ಅಜ್ಜಿ ನನ್ನನ್ನು ಕೇಳಿದಳು. ಆ ದೇಶದವರಿಗೆ ಬಟಾಟೆ ಇದ್ದರೆ ಬೇರೆ ಬೇಡ ಎಂದೆ. ಮಣ್ಣಿನಡಿಯ ಗೆಡ್ಡೆಯಾದ್ದರಿಂದ ಜೈನರಾದ ಹೆಡ್ಮಾಸ್ಟ್ರಿಗೆ ಅದೂ ಆಗದು. ಕೋಳಿಗಿಂತ ವಾಸಿ ಎಂದು ಕಣ್ಣು ಮುಚ್ಚಿಕೊಂಡರು.

ಕೊನೆಯ ದಿನ ಮೂರ್ಸಂಜೆಗೆ ಜನರೆಲ್ಲ ಹೋದ ಮೇಲೆ ಮಾವ ಮಣೆ ಹಾಕಿ ಎಲೆ ಇಟ್ಟರು. ಕುಚ್ಚಲಕ್ಕಿ ಅನ್ನ, ಅಜ್ಜಿ ಕೆಸುವಿನ ಎಲೆಯಲ್ಲಿ ಮಾಡಿದ ಪತ್ರೊಡೆ, ಬೇಯಿಸಿ ಉಪ್ಪು ಹಾಕಿದ ಬಟಾಟೆ, ಒಂದು ಚೊಂಬು ನೀರು. ದೀಪದ ಬತ್ತಿ ಮುಂದೆ ದೂಡಿ ಬಾಗಿಲು ಮುಚ್ಚಿದರು. ಹಾಲಿಗೆ ಇದ್ದದ್ದು ಅದೊಂದೇ ಬಾಗಿಲು. ಕಿಟಕಿಗಳನ್ನು ಮಳೆಯ ಇರಚಲಿಗೆ ಹೆದರಿ ಮೊದಲೇ ಮುಚ್ಚಿದ್ದೆವು. ಹೊರಗಿನ ಜಗಲಿಯಲ್ಲಿ ಮಾವ, ಅಜ್ಜಿ, ಹೆಡ್ಮಾಸ್ಟ್ರು ಮತ್ತು ನಾನು ಕೂತೆವು. ಮಳೆ ಧೋ ಎಂದು ಸುರಿಯುತ್ತಿತ್ತು. ನಾಳೆ ಬರೆಯಬೇಕಾದ ರಾಜೀನಾಮೆಯನ್ನು ಯಾವ ಮಾತಿನಿಂದ ಶುರುಮಾಡುವುದು ಎಂದು ನಾನು ಯೋಚಿಸುತ್ತಿದ್ದೆ.

ಮಾವ ಎದ್ದು, ಗಂಟಲು ಸರಿಮಾಡಿಕೊಂಡು, ಬಾಗಿಲು ತಟ್ಟಿ ತೆರೆದರು. ತೆರೆದವರು ಹೊಸಿಲಲ್ಲೇ ನಿಂತುಬಿಟ್ಟರು.

ಒಳಗಿನಿಂದ ಸುಡುಮಣ್ಣಿನ ವಾಸನೆ ಬಂತು. ಸುಡುಮಣ್ಣು ಗೊತ್ತಲ್ಲ? ಬೇಸಿಗೆಯಲ್ಲಿ ಗದ್ದೆಯ ಬದಿ ತರಗೆಲೆ ಮತ್ತು ಒಣಮಣ್ಣಿನ ಹೆಂಟೆ ಒಟ್ಟಿ, ಬೆಂಕಿ ಕೊಟ್ಟು, ದಿನಗಟ್ಟಲೆ ಹೊಗೆಯಾಡಿಸಿ ಮಾಡುವ ಗೊಬ್ಬರ. ಆ ವಾಸನೆ ನಮಗೆ ಹುಟ್ಟಿದಾರಭ್ಯ ಪರಿಚಯ, ಬೇರೆ ಯಾವುದನ್ನೂ ಹೋಲುವುದಿಲ್ಲ. ಊರಿಡೀ ನೀರು ನಿಂತಿರುವ ಆಟಿಯಲ್ಲಿ, ಮುಚ್ಚಿದ ಹಾಲಿನೊಳಗೆ, ಮಣ್ಣು ಸುಡುವವರು ಯಾರು? ಹೊಗೆ ಇರಲಿಲ್ಲ. ದೀಪ ನೆಟ್ಟಗೆ ಉರಿಯುತ್ತಿತ್ತು. ಎಲೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ವಾಸನೆ ಮಾತ್ರ ಬೆಚ್ಚಗೆ, ದಟ್ಟವಾಗಿ, ಯಾರದ್ದೋ ಅಡಿಗೆಮನೆಗೆ ಕಾಲಿಟ್ಟ ಹಾಗೆ ಇತ್ತು. ನನಗೆ ಹೆದರಿಕೆ ಆಗಲಿಲ್ಲ. ಯಾಕೋ ಸಮಾಧಾನವಾಯಿತು.

ಮಾವ ಹಟ್ಟಿಗೊಬ್ಬರ, ಸುಡುಮಣ್ಣಿನಲ್ಲೇ ಬೆಳೆದ ಕೃಷಿಕರು, ಸುಲಭಕ್ಕೆ ಮೋಸಹೋಗುವವರಲ್ಲ. ನೆಲ ಮುಟ್ಟಿ ನೋಡಿದರು, ತಣ್ಣಗಿತ್ತು. ಕೊಡೆ ಹಿಡಿದು ಹಾಲಿಗೆ ಒಂದು ಸುತ್ತು ಬಂದರು. ತಲೆಯೆತ್ತಿ ಹಂಚು ನೋಡಿದರು. ಹೆಡ್ಮಾಸ್ಟ್ರು, ನನಗೂ ಬರುತ್ತಾ ಉಂಟು, ಮಣ್ಣು ಸುಟ್ಟ ವಾಸನೆಯೇ ಎಂದು ಮೆಲ್ಲಗೆ ಹೇಳಿದರು. ಅಜ್ಜಿ ಚಿತ್ರದ ಕಡೆ ಕೈಮುಗಿದು, "ಬತ್ತೆರ್" ಎಂದಳು. ಬಂದರು ಎಂದರ್ಥ. ಅಷ್ಟೇ ಹೇಳಿದ್ದು. ನೋಡುತ್ತಿದ್ದಂತೆ ವಾಸನೆ ಕಡಿಮೆಯಾಗಿ, ಹಾಲಿನಲ್ಲಿ ಎಂದಿನ ಮುಗ್ಗಲು ಮತ್ತು ಎಣ್ಣೆದೀಪದ ವಾಸನೆ ಉಳಿಯಿತು.

ಆ ರಾತ್ರಿ ಮಾವ ಊಟಕ್ಕೆ ಕೂತವರು ಅರ್ಧಕ್ಕೇ ಕೈ ನಿಲ್ಲಿಸಿದರು.

"ಕರೆದವಳು ನೀನು," ಎಂದರು ನನಗೆ. "ಒಮ್ಮೆ ಬಡಿಸಿಯೂ ಆಯಿತು. ಇನ್ನು ವರ್ಷ ವರ್ಷ ಶಾಲೆಯಲ್ಲಿ ಆ ದೀಪ ನೀನೇ ಹಚ್ಚಬೇಕು. ಶಾಲೆ ಬಿಟ್ಟು ಹೋದರೆ ಯಾರು ನೋಡಿಕೊಳ್ಳುವುದು?"

ಎತ್ತಿನ ವ್ಯಾಪಾರಿಯ ಎಲೆ ನೋಡಿ ನಗುತ್ತಿದ್ದ ನಾನು, ಅವತ್ತು ಅಡಿಗೆಮನೆಗೆ ಓಡಿಹೋಗಿ ಅತ್ತೆ. ಬೆಳ್ತಂಗಡಿಯವರಿಗೆ ಮಾವ ಏನು ಹೇಳಿದರೋ ನನಗೆ ಗೊತ್ತಿಲ್ಲ. ರಾಜೀನಾಮೆ ಬರೆಯಲಿಲ್ಲ. ಮುಂದೆ, ಹೆಂಡತಿ ಪಾಠ ಮಾಡುವುದು ಹೆಮ್ಮೆ ಎಂದುಕೊಳ್ಳುವ ಒಬ್ಬರು ಸಿಕ್ಕಿದರು, ಆ ಮಾತು ಇಲ್ಲಿ ಬೇಡ.

ಇಷ್ಟೇ ಆಗಿದ್ದರೆ ನಾನು ಏನಾದರೊಂದು ಕಾರಣ ಹುಡುಕಿ ಸುಮ್ಮನಾಗುತ್ತಿದ್ದೆ. ಆದರೆ ಎರಡು ಮೂರು ಬೇಸಿಗೆ ಕಳೆದ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಬಂಟ್ವಾಳಕ್ಕೆ ಹೋಗುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕಾನ್ವೆಂಟಿನ ಒಬ್ಬರು ವಯಸ್ಸಾದ ಸಿಸ್ಟರ್ ಕೂತಿದ್ದರು, ಬಿಳಿಯರು. ಬಂಟ್ವಾಳ ಇನ್ನೂ ಸ್ವಲ್ಪ ದೂರ ಇರುವಾಗ ಬಸ್ಸು ನಿಂತಿತು. ಪಕ್ಕದ ಗದ್ದೆಯಲ್ಲಿ ಸುಡುಮಣ್ಣು ಹೊಗೆಯಾಡುತ್ತಿತ್ತು. ಗಾಳಿ ಈ ಕಡೆ ಬೀಸಿದ್ದೇ ಅವರು ಕಿಟಕಿಗೆ ಮುಖ ಒಡ್ಡಿ ಕಣ್ಣು ಮುಚ್ಚಿದರು. ಕೆನ್ನೆ ಒದ್ದೆಯಾಗಿತ್ತು. ಏನಾಯಿತು ಎಂದು ಕೇಳಿದೆ. ತನ್ನ ಊರು ಐರ್ಲೆಂಡ್, ಅಲ್ಲಿ ಹಳ್ಳಿಗಳಲ್ಲಿ ಸೌದೆ ಕಡಿಮೆ, ಜೌಗುನೆಲದ ಮಣ್ಣನ್ನೇ ಕತ್ತರಿಸಿ ಒಣಗಿಸಿ ಒಲೆಗೆ ಹಾಕುತ್ತೇವೆ, ನಮ್ಮ ಮನೆಯೊಳಗೆ ಯಾವಾಗಲೂ ಇಂಥದ್ದೇ ವಾಸನೆ ಎಂದರು. ನಾನು ಆ ಕವಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವಳು. ಇದನ್ನು ಎಲ್ಲೂ ಓದಿರಲಿಲ್ಲ. ಬಂಟ್ವಾಳದಲ್ಲಿ ಇಳಿಯುವುದನ್ನೂ ಮರೆತು ಮುಂದಿನ ನಿಲ್ದಾಣಕ್ಕೆ ಹೋಗಿದ್ದೆ.

ಮನೆಗೆ ಬಂದವಳೇ ಅಜ್ಜಿಯನ್ನು ಹಿಡಿದುಕೊಂಡೆ. ಆಗ ಅವಳು ಹಾಸಿಗೆ ಹಿಡಿದಿದ್ದಳು. ಅವತ್ತು ನೀನೇ ಏನಾದರೂ ಮಾಡಿದೆಯಾ, ನಿಜ ಹೇಳು ಎಂದೆ. ಅಜ್ಜಿ ನಕ್ಕಳು.

"ಎಲೆಯಲ್ಲಿ ಬಟಾಟೆ ಮುಟ್ಟಿದ ಗುರುತು ಉಂಟು ಅಂತ ಸುಳ್ಳು ಹೇಳುವ ಅಂತಲೇ ಬಂದಿದ್ದೆ ಮಗಾ. ಬಂದರು ಅಂತ ಆದರೆ ನಿನ್ನ ಮಾವ ನಿನ್ನನ್ನು ಶಾಲೆ ಬಿಡಿಸುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಬಾಯಿ ತೆರೆಯುವ ಮೊದಲೇ ಆ ವಾಸನೆ ಬಂತಲ್ಲ."

"ಹಾಗಾದರೆ ಅದು ಏನಜ್ಜಿ?"

"ನನಗೇನು ಗೊತ್ತು? ಇಂಗ್ಲಿಷ್ ಕಲಿತವಳು ನೀನು. ಅವರನ್ನೇ ಕೇಳು."

ಕೇಳುತ್ತಲೇ ಇದ್ದೇನೆ. ಶಾಲೆಯ ಆ ಹಾಲ್ ಈಗ ಇಲ್ಲ, ನಾನೂ ನಿವೃತ್ತಳಾಗಿ ಬಹಳ ಕಾಲವಾಯಿತು. ಪ್ರತಿ ಆಟಿಯಲ್ಲಿ ನಮ್ಮ ಮನೆಯಲ್ಲೇ ಎಲೆ ಇಡುತ್ತೇನೆ, ಬೇಯಿಸಿದ ಬಟಾಟೆ ತಪ್ಪಿಸಿಲ್ಲ. ಆ ವಾಸನೆ ಮತ್ತೆ ಬರಲಿಲ್ಲ. ಆದರೂ ಬಾಗಿಲು ತಟ್ಟುವ ಮೊದಲು ಸಂದಿಗೆ ಮೂಗು ಒಡ್ಡಿ ಒಂದು ಗಳಿಗೆ ನಿಲ್ಲುತ್ತೇನೆ. ಒಳಗೆ ಅವರ ಎಲೆಯ ಪಕ್ಕದಲ್ಲೇ ಈಗ ಅಜ್ಜಿಯ ಎಲೆಯೂ ಉಂಟು.